ಕುರಿಗಾಹಿಯ ನಾಲ್ಕು ಸಾಲು

"ಗುರುಗಳೇ, ನಾನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೂ ಆ ಕಮ್ಮಾರ ಅದನ್ನು ಕೇಳಿ ಎಲೆಯ ಮುಂದಿನಿಂದ ಎದ್ದು ಹೋದನಲ್ಲ, ಯಾಕೆ?"

ಕೇಳಿದವನು ಕಲ್ಲಿನಾಥ. ಮಠದ ಆಸರೆಮನೆಗೆ ದಿಕ್ಕಿಲ್ಲದೆ ಬಂದವರ ವಿವರ ಬರೆದಿಡುವುದು ಅವನ ಪಾಲಿನ ಸೇವೆ. ಆ ದಿನ ಮಧ್ಯಾಹ್ನ ಇನ್ನೊಬ್ಬ ಶಿಷ್ಯ ಅವನ ಪುಸ್ತಕವನ್ನು ಊಟದ ಪಂಕ್ತಿಯಲ್ಲಿ ಗಟ್ಟಿಯಾಗಿ ಓದಿದ್ದ. ಆಸರೆಗೆ ಬಂದಿದ್ದ ಕಮ್ಮಾರನ ಹೆಸರಿನ ಕೆಳಗೆ, 'ಕೈ ಸುಟ್ಟುಕೊಂಡವನು, ಇನ್ನು ಕೆಲಸಕ್ಕೆ ಬಾರದವನು, ಮುಂಗೋಪಿ' ಎಂದು ಬರೆದಿತ್ತು.

ಗುರುಗಳು ಶಿಷ್ಯನ ಮುಖ ನೋಡಿದರು.

"ಒಂದು ಅಕ್ಷರವೂ ಸುಳ್ಳಿಲ್ಲ ಅಂತೀಯ. ಭೇಷ್. ಕೂತುಕೋ. ನಿನ್ನ ಹಾಗೇ ಸುಳ್ಳು ಬರೆಯದವನು ಇನ್ನೊಬ್ಬನಿದ್ದ. ಅವನ ಕತೆ ಹೇಳುತ್ತೇನೆ. ನಡುನಡುವೆ ಎಲ್ಲ ಗೊತ್ತಾದವನ ಹಾಗೆ ತಲೆ ಆಡಿಸಬೇಡ, ನನಗೆ ಸಿಟ್ಟು ಬರುತ್ತದೆ."

ಕಲ್ಲಿನಾಥ ಕೂತ. ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಹೊಳೆ ದಾಟುವ ಕಡವಿನಲ್ಲಿ ಒಂದು ಛತ್ರ. ಆ ಸೀಮೆಯ ರಾಣಿ ಕಟ್ಟಿಸಿದ್ದು. ದಾರಿ ತಪ್ಪಿದವರು, ಕಾಯಿಲೆ ಬಿದ್ದವರು, ಮನೆಯಿಂದ ಹೊರಬಿದ್ದವರು, ಯಾರೇ ಬರಲಿ, ಅಲ್ಲಿ ಹೊಟ್ಟೆಗೆ ಅನ್ನವಿತ್ತು, ಮಲಗಲು ಚಾಪೆಯಿತ್ತು. ಆದರೆ ಯಾರು ಎಷ್ಟು ದಿನ ಇರಬೇಕು, ಯಾರು ಎಲ್ಲಿಗೆ ಹೋಗಬೇಕು, ಯಾವ ಮಗು ಯಾರ ಮನೆ ಸೇರಬೇಕು ಎಂದು ತೀರ್ಮಾನಿಸುವವನು ಪಾರುಪತ್ಯಗಾರ. ರಾಣಿ ನೇಮಿಸಿದ ಅಧಿಕಾರಿ. ಹುಣ್ಣಿಮೆಗೊಮ್ಮೆ ಪಟ್ಟಣದಿಂದ ಬರುತ್ತಿದ್ದ. ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಲು ಅವನಿಗೆ ಪುರುಸೊತ್ತೆಲ್ಲಿ? ಛತ್ರದ ಕರಣಿಕರು ತಾವು ಬರೆದಿಟ್ಟದ್ದನ್ನು ಓದುತ್ತಿದ್ದರು. ಅವನು ಕೇಳಿ 'ಆಗಲಿ' ಎನ್ನುತ್ತಿದ್ದ, ಇಲ್ಲವೆ 'ಬೇಡ' ಎನ್ನುತ್ತಿದ್ದ. ಅವನ ಬಾಯಿಂದ ಬಂತೆಂದರೆ ಮುಗಿಯಿತು, ಮತ್ತೆ ಮಾತಿಲ್ಲ.

ಕರಣಿಕರು ಇಬ್ಬರು. ಹಿರಿಯ ಕರಣಿಕ ಮೂವತ್ತು ವರ್ಷದಿಂದ ಅಲ್ಲೇ ಇದ್ದವನು. ಕಿರಿಯ ಕರಣಿಕ ಪಟ್ಟಣದಲ್ಲಿ ಕಲಿತು ಬಂದವನು, ಬಂದು ಒಂದು ವರ್ಷವಾಗಿತ್ತು. ಛತ್ರದ ಎಡಜಗಲಿಯವರ ವಿವರ ಹಿರಿಯನದು, ಬಲಜಗಲಿಯವರ ವಿವರ ಕಿರಿಯನದು.

ಆಗಿನ ಬರವಣಿಗೆ ಕಡತದಲ್ಲಿ. ನೀನು ಕಡತ ನೋಡಿಲ್ಲ. ಬಟ್ಟೆಗೆ ಹುಣಿಸೆಬೀಜದ ಗಂಜಿಯನ್ನೂ ಇದ್ದಿಲಪುಡಿಯನ್ನೂ ಮೆತ್ತಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಅದೇ ಕಡತ. ಕರ್ರಗಿರುತ್ತದೆ. ಅದರ ಮೇಲೆ ಬಳಪದಲ್ಲಿ ಬರೆಯುವುದು. ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರಸುವುದು.

ಕಿರಿಯ ಕರಣಿಕನ ಕಡತ ನೋಡಲು ಎರಡು ಕಣ್ಣು ಸಾಲದು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಬ್ಬರಿಗೆ ನಾಲ್ಕು ಸಾಲು, ಹೆಚ್ಚಿಲ್ಲ, ಕಡಿಮೆಯಿಲ್ಲ. ಪಾರುಪತ್ಯಗಾರ ಒಮ್ಮೆ ಎಲ್ಲರೆದುರು, "ಬರೆದರೆ ಹೀಗೆ ಬರೆಯಬೇಕು" ಎಂದಿದ್ದ. ಆ ದಿನದಿಂದ ಕಿರಿಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹಿರಿಯನ ಕಡತವೋ, ಅಯ್ಯೋ, ಕೇಳಬೇಡ. ಒರಸಿ ಬರೆದದ್ದು, ಬರೆದು ಮತ್ತೆ ಒರಸಿದ್ದು. ಒಬ್ಬರಿಗೆ ಎರಡು ಸಾಲು, ಇನ್ನೊಬ್ಬರಿಗೆ ಎರಡು ಮಡಿಕೆ. ಒಂದೊಂದು ಕಡೆ ಬೆರಳಚ್ಚು ಕೂಡ ಬಿದ್ದಿತ್ತು. ಯಾರಾದರೂ ಬಂದರೆ ಅವನು ಬಳಪ ಕೈಗೆತ್ತಿಕೊಳ್ಳುತ್ತಲೇ ಇರಲಿಲ್ಲ. "ಊಟ ಆಯ್ತಾ?" ಎನ್ನುತ್ತಿದ್ದ. ಅವರ ಚಾಪೆಯ ಮೇಲೆ ಹೋಗಿ ಕೂರುತ್ತಿದ್ದ. ಒಂದು ದಿನವೋ ಎರಡು ದಿನವೋ ಕಳೆದ ಮೇಲೆ, "ನಿನಗೆ ಏನು ಬೇಕಪ್ಪಾ?" ಎಂದು ಕೇಳುತ್ತಿದ್ದ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಮೊದಲ ಸಾಲಾಗಿ ಬರೆಯುತ್ತಿದ್ದ. ಬರೆದು ಮುಗಿಸಿ, ಪೂರ್ತಿ ಅವರಿಗೇ ಓದಿ ಹೇಳುತ್ತಿದ್ದ. ಆಮೇಲೆ ಒದ್ದೆ ಬಟ್ಟೆಯನ್ನು ಅವರ ಕೈಗೆ ಕೊಟ್ಟು, "ನಿನ್ನದಲ್ಲದ್ದು ಏನಾದರೂ ಇದ್ದರೆ ಒರಸಿಬಿಡು" ಎನ್ನುತ್ತಿದ್ದ.

ಕಿರಿಯ ಕರಣಿಕನಿಗೆ ಇದು ನಗೆಪಾಟಲಿನ ಸಂಗತಿ. ಅಕ್ಷರ ಬಾರದವರ ಕೈಗೆ ಕಡತ ಕೊಡುವುದೆಂದರೇನು? ಅಡುಗೆಮನೆಯಲ್ಲಿ ಕೂತು, "ನಮ್ಮ ಹಿರಿಯರು ಬರೆಯುವುದು ಒಂದು ಪಾಲು, ಒರಸುವುದು ಮೂರು ಪಾಲು" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಹಿರಿಯನೂ ಅದನ್ನು ಕೇಳಿಸಿಕೊಂಡು ನಗುತ್ತಿದ್ದ.

ಆದರೂ ಕಿರಿಯನಿಗೆ ಒಂದು ಮಾತ್ರ ಅರ್ಥವಾಗುತ್ತಿರಲಿಲ್ಲ. ಹತ್ತು ವರ್ಷ, ಹದಿನೈದು ವರ್ಷದ ಹಿಂದೆ ಛತ್ರದಲ್ಲಿದ್ದು ಹೋದವರು ಹೊಳೆ ದಾಟುವಾಗ ಹಿರಿಯನನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರು ಅನ್ನ ಕೇಳುತ್ತಿರಲಿಲ್ಲ. "ನಂದು ಒಂದು ಸಲ ಓದಿ ಅಯ್ಯನೋರೇ" ಎನ್ನುತ್ತಿದ್ದರು. ಹಿರಿಯ ಹಳೆಯ ಕಡತ ಹುಡುಕಿ ತೆಗೆದು ಓದುತ್ತಿದ್ದ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ಕೈ ಮುಗಿದು, ದೋಣಿ ಹತ್ತುತ್ತಿದ್ದರು. ತನ್ನ ಅಂದವಾದ ನಾಲ್ಕು ಸಾಲನ್ನು ಓದು ಎಂದು ಇದುವರೆಗೆ ಯಾರೂ ಯಾಕೆ ಕೇಳಿಲ್ಲ ಎಂದು ಕಿರಿಯನಿಗೆ ಒಳಗೊಳಗೇ ಕಸಿವಿಸಿಯಾಗುತ್ತಿತ್ತು.

ಇಂಥ ಛತ್ರದ ಬಲಜಗಲಿಯಲ್ಲಿ ಐದು ವರ್ಷದ ಒಂದು ಹೆಣ್ಣುಮಗು ಇತ್ತು. ಹಿಂದಿನ ಸ್ವಾತಿ ಮಳೆಯ ಹೊತ್ತಿಗೆ ಕುರಿಗಾಹಿ ಹೆಂಗಸೊಬ್ಬಳು ಅದನ್ನು ಎತ್ತಿಕೊಂಡು ಬಂದಿದ್ದಳು. ಮಗುವಿನ ಕಾಲು ಮುರಿದಿತ್ತು. ಎಲುಬು ಕಟ್ಟುವವನು ಕಾಲು ಕಟ್ಟಿ, ನಾಲ್ಕು ತಿಂಗಳು ಇದು ನೆಲಕ್ಕೆ ಕಾಲು ಊರಬಾರದು ಎಂದ. ಹೆಂಗಸು ಎರಡು ದಿನ ಇದ್ದು ಹೊರಟುಹೋದಳು. ಅದಾಗಿ ಎಂಟು ತಿಂಗಳು.

ಮಗು ಈಗ ನಡೆಯುತ್ತಿತ್ತು. ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಹೊಳೆ ದಾಟುವಾಗ ಅದನ್ನು ಕಂಡು ಮನಸೋತರು. ಅವರಿಗೆ ಮಕ್ಕಳಿರಲಿಲ್ಲ. "ಇದರ ಹೆತ್ತವರು ಎಂಥವರು?" ಎಂದು ವ್ಯಾಪಾರಿ ಕೇಳಿದ. ಮೊದಲು ಕೇಳಿದ್ದು ಹಿರಿಯ ಕರಣಿಕನನ್ನು. ಹಿರಿಯ, "ಅದರ ತಾಯಿ ಇದ್ದಾಳೆ. ಅವಳ ವಿಷಯ ಅವಳನ್ನೇ ಕೇಳಬೇಕು" ಎಂದ. ವ್ಯಾಪಾರಿ ಕಿರಿಯನ ಬಳಿ ಬಂದ. ಕಿರಿಯ ಕಡತ ಬಿಚ್ಚಿ ಠೀವಿಯಿಂದ ಓದಿಬಿಟ್ಟ. ತಾಯಿ ಬಿಟ್ಟು ಹೋಗಿದ್ದಾಳೆ, ಊರಿಲ್ಲ. ವ್ಯಾಪಾರಿಯ ಹೆಂಡತಿ ಸೆರಗಿನಿಂದ ಕಣ್ಣೊರಸಿಕೊಂಡಳು. ಬರುವ ಕಾರಹುಣ್ಣಿಮೆಗೆ ಪಾರುಪತ್ಯಗಾರನ ಅಪ್ಪಣೆ ಪಡೆದು ಮಗುವನ್ನು ಕರೆದುಕೊಂಡು ಹೋಗುವುದೆಂದು ಮಾತಾಯಿತು.

ಹುಣ್ಣಿಮೆಗೆ ಎರಡು ದಿನ ಇರುವಾಗ ಕುರಿಗಾಹಿ ಹೆಂಗಸು ಬಂದಳು. ಕಾಲಲ್ಲಿ ಮೊಣಕಾಲವರೆಗೆ ಧೂಳು, ಹೆಗಲಲ್ಲಿ ಕಂಬಳಿ. ಬಂದವಳು ಬಲಜಗಲಿಯ ಮುಂದೆ ನಿಂತಳು. ಮಗುವನ್ನು ಕರೆದೊಯ್ಯಲು ಬಂದವರು ಪಾರುಪತ್ಯಗಾರನ ಅಪ್ಪಣೆಯಾಗುವವರೆಗೆ ಅದರ ಬಳಿ ಹೋಗಕೂಡದೆಂಬುದು ಛತ್ರದ ಕಟ್ಟಳೆ. ಕಿರಿಯ ಕರಣಿಕ ಕಡತ ತೆಗೆದ, ಬಳಪ ಹಿಡಿದ, ತಲೆ ತಗ್ಗಿಸಿದ, ಪ್ರಶ್ನೆ ಕೇಳಿದ.

"ಯಾಕೆ ಬಿಟ್ಟು ಹೋದೆ?"

ಉತ್ತರವಿಲ್ಲ.

"ಊರು ಯಾವುದು?"

"ಊರು ಎಲ್ಲಿಂದ ಬರ್ಬೇಕು ಬುದ್ಧಿ ನಮಗೆ, ಕುರಿ ಕಾಯೋರಿಗೆ?"

"ಎಂಟು ತಿಂಗಳು ಯಾಕೆ ಬರಲಿಲ್ಲ?"

ಮತ್ತೆ ಉತ್ತರವಿಲ್ಲ. ಕಿರಿಯ ತಲೆ ಎತ್ತಲೇ ಇಲ್ಲ. ನಾಲ್ಕು ಸಾಲು ಬರೆದ. 'ಕಾಲು ಮುರಿದ ಮಗಳನ್ನು ಬಿಟ್ಟು ಹೋದವಳು. ಎಂಟು ತಿಂಗಳು ತಿರುಗಿ ನೋಡಿದವಳಲ್ಲ. ಊರಿಲ್ಲ, ಮನೆಯಿಲ್ಲ. ಕೇಳಿದರೆ ಉತ್ತರ ಕೊಡದ ಮೊಂಡಿ.' ಬರೆದು ಮುಗಿಸಿ, ತಾನೇ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು ತೃಪ್ತಿಪಟ್ಟ.

ಈಗ ಹೇಳು ಕಲ್ಲಿನಾಥ, ಇದರಲ್ಲಿ ಸುಳ್ಳು ಎಲ್ಲಿದೆ?

ಕಲ್ಲಿನಾಥ, "ಸುಳ್ಳೇನೂ ಕಾಣುವುದಿಲ್ಲ ಗುರುಗಳೇ. ಅವಳು ಬಿಟ್ಟು ಹೋದದ್ದು ನಿಜ ತಾನೇ?" ಎಂದ.

"ನಿಜ. ಕಿರಿಯನಿಗೂ ಹಾಗೇ ಅನ್ನಿಸಿತ್ತು" ಎಂದು ಗುರುಗಳು ಮುಂದುವರಿಸಿದರು.

ಹುಣ್ಣಿಮೆಯ ಹಿಂದಿನ ದಿನ ಹಿರಿಯ ಕರಣಿಕ ಕಿರಿಯನ ಬಳಿ ಬಂದು, "ತಮ್ಮಾ, ನಾಳೆ ಓದುವ ಮೊದಲು ಆ ಹೆಂಗಸಿಗೆ ಅವಳದನ್ನು ಒಂದು ಸಲ ಓದಿ ಹೇಳು" ಎಂದ.

"ಯಾಕೆ ಅಯ್ಯನವರೇ? ಬರೆದದ್ದು ಪಾರುಪತ್ಯಗಾರರಿಗೆ."

"ನನಗೋಸ್ಕರ ಓದು. ಈ ಹುಣ್ಣಿಮೆ ಕಳೆದರೆ ನಾನು ಕೆಲಸ ಬಿಟ್ಟು ಹೊರಟೆ. ಆಮೇಲೆ ಎರಡೂ ಜಗಲಿ ನಿನ್ನವೇ, ನಿನ್ನ ಮನಸ್ಸು ಬಂದ ಹಾಗೆ ಮಾಡಿಕೋ."

ಮುದುಕನ ಕೊನೆಯ ಮಾತು ಯಾಕೆ ಮೀರುವುದೆಂದು ಕಿರಿಯ ಒಪ್ಪಿದ. ಹೆಂಗಸನ್ನು ಕರೆದ. ಅವಳು ಜಗಲಿಯ ಕೆಳಗೆ ಕೂತಳು. ಹಿರಿಯ ಅವಳ ಪಕ್ಕ ನೆಲದ ಮೇಲೆ ಕೂತ. ಕಿರಿಯ ನಾಲ್ಕೂ ಸಾಲನ್ನು ಸ್ಪಷ್ಟವಾಗಿ ಓದಿದ.

ಹೆಂಗಸು ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಶಿವನೇ! ಯಾರು ಬುದ್ಧಿ ಅವಳು? ಕಾಲು ಮುರಿದ ಕೂಸನ್ನ ಬಿಟ್ಟು ಹೋದ್ಲಾ? ಎಂಟು ತಿಂಗಳು ತಿರುಗಿ ನೋಡ್ಲಿಲ್ವಾ? ಅವಳ ಕೈಗೆ ಮಾತ್ರ ಮಗು ಕೊಡಬ್ಯಾಡಿ ನಿಮ್ಮ ದಮ್ಮಯ್ಯ. ಅವಳೊಬ್ಬ ತಾಯಿನಾ?"

ಕಿರಿಯ ಕರಣಿಕ ಕಡತವನ್ನು ಕೆಳಗಿಟ್ಟ. ಇಂಥ ಮಾತನ್ನು ಅವನು ಎಣಿಸಿರಲಿಲ್ಲ. ಅವಳು ಜಗಳಕ್ಕೆ ಬಂದಿದ್ದರೆ ಗದರಿಸುತ್ತಿದ್ದ, ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದ. ಅವಳು ಕಡತದೊಳಗಿನ ಹೆಂಗಸನ್ನು ಗುರುತೇ ಹಿಡಿಯಲಿಲ್ಲ. ತನ್ನ ಮೇಲೆ ತಾನೇ ತೀರ್ಪು ಕೊಟ್ಟು, ತನ್ನ ಮಗುವನ್ನು ತನಗೆ ಕೊಡಬೇಡಿ ಎಂದು ಬೇಡಿಕೊಳ್ಳುತ್ತಿದ್ದಳು. ಅವನಿಗೆ ನಾಚಿಕೆಯಾಯಿತು.

"ಅದು... ನೀನೇ" ಎಂದ, ಕೇಳಿಸಿಯೂ ಕೇಳಿಸದ ಹಾಗೆ.

ಹೆಂಗಸಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ಕಿರುಚಲಿಲ್ಲ. ಕಿರಿಯನ ಮುಖವನ್ನೇ ನೋಡಿದಳು.

"ಮೃಗಶಿರ ಮಳೆಗೆ ಬಂದು ಕರಕೊಂಡು ಹೋಗ್ತೀನಿ ಅಂತ ನಿಮ್ಮ ಹತ್ರಾನೇ ಹೇಳಿದ್ನಲ್ಲ ಬುದ್ಧಿ? ಇಲ್ಲೇ ನಿಂತಿದ್ದೆ. ನೀವು ಹೂಂ ಅಂದ್ರಿ."

ಅಂದಿದ್ದ. ಅವನಿಗೆ ಥಟ್ಟನೆ ನೆನಪಾಯಿತು. ಕಂಬದ ಪಕ್ಕ ನಿಂತು ಅವಳು ಮಳೆಯ ಹೆಸರು ಹೇಳಿದ್ದಳು, ತಾನು ಹೂಂ ಎಂದಿದ್ದ. ಅಷ್ಟರಲ್ಲಿ ನಾಲ್ಕು ಸಾಲು ತುಂಬಿಹೋಗಿದ್ದವು. ಮಳೆಯ ಹೆಸರು ಹೇಳುವವಳ ಮಾತನ್ನು ತಿಥಿ, ಮಾಸ ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ಬಿಟ್ಟಿದ್ದ. ಈಗ ಮೃಗಶಿರ ಹುಟ್ಟಿ ನಾಲ್ಕೇ ದಿನವಾಗಿತ್ತು. ಅವಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಳು.

ಹಿರಿಯ ಕರಣಿಕ ಆಗ ಕೇಳಿದ, "ತಮ್ಮಾ, ಇವಳಿಗೆ ಏನು ಬೇಕು ಅನ್ನುವುದು ನಿನ್ನ ನಾಲ್ಕು ಸಾಲಿನಲ್ಲಿ ಎಲ್ಲಿದೆ?"

ಕಿರಿಯ ಹುಡುಕಿದ. ಇರಲಿಲ್ಲ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದಾಳೆ ಎಂಬ ಒಂದು ಮಾತು ಆ ಮುತ್ತಿನಂಥ ಅಕ್ಷರಗಳಲ್ಲಿ ಎಲ್ಲೂ ಇರಲಿಲ್ಲ. ಅದನ್ನೇ ನಾಳೆ ಪಾರುಪತ್ಯಗಾರನ ಮುಂದೆ ಓದಿದ್ದರೆ, ಈ ಹೆಂಗಸು ಯಾಕೆ ಬಂದಳು ಎಂಬುದು ಕೂಡ ಅವನಿಗೆ ಗೊತ್ತಾಗುತ್ತಿರಲಿಲ್ಲ. ಮಗು ವ್ಯಾಪಾರಿಯ ಗಾಡಿ ಹತ್ತುತ್ತಿತ್ತು.

ಹಿರಿಯ ಒದ್ದೆ ಬಟ್ಟೆಯನ್ನು ಹಿಂಡಿ ಹೆಂಗಸಿನ ಕೈಗೆ ಕೊಟ್ಟ. "ತಾಯಿ, ಇದು ನಿನ್ನ ವಿಷಯ. ಅವನು ಒಂದೊಂದೇ ಸಾಲು ತೋರಿಸಿ ಓದುತ್ತಾನೆ. ನಿನ್ನದಲ್ಲದ್ದನ್ನು ಒರಸು. ಅಲ್ಲಿ ಏನಿರಬೇಕೋ ಹೇಳು, ಅವನು ಬರೆಯುತ್ತಾನೆ."

ಕಿರಿಯ ಕರಣಿಕ ಜಗಲಿಯಿಂದ ಇಳಿದು ಬಂದು ಕೂತ. ಆ ಒಂದು ವರ್ಷದಲ್ಲಿ ಅವನು ಜಗಲಿಯಿಂದ ಇಳಿದು ಕೂತದ್ದು ಅದೇ ಮೊದಲು. ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಹೆಂಗಸು ಅದನ್ನು ಒರಸಿದಳು. ಮೆಲ್ಲಗೆ ಒರಸಲಿಲ್ಲ. ಸೀದುಹೋದ ಪಾತ್ರೆ ಉಜ್ಜುವ ಹಾಗೆ ಉಜ್ಜಿದಳು.

"ನನ್ನ ಮಗಳು ಹೊನ್ನವ್ವನ್ನ ಕರಕೊಂಡು ಹೋಗೋಕೆ ಬಂದೀನಿ ಅಂತ ಬರೀರಿ ಮೊದ್ಲು. ಬಿಟ್ಟು ಹೋಗ್ಲಿಲ್ಲ. ಕಾಲು ಕೂಡ್ಲಿ ಅಂತ ಇಟ್ಟು ಹೋದೆ. ನಡೆಯೋಕೆ ಆಗದ ಕೂಸನ್ನ ಎತ್ಕೊಂಡು ದಿನಾ ನಾಲ್ಕು ಹರಿದಾರಿ ನಡೆದಿದ್ರೆ ಕಟ್ಟಿದ ಕಾಲು ಮತ್ತೆ ಬಿಟ್ಕೋತಿರ್ಲಿಲ್ವಾ? ಇರೋಣ ಅಂದ್ರೆ ಈ ಕಡೆ ಕುರಿಗೆ ಹುಲ್ಲು ಮುಗಿದಿತ್ತು."

ಅವನು ಬರೆದ. ಎರಡನೆಯ ಸಾಲನ್ನೂ ಅವಳು ಒರಸಿ, ಮೃಗಶಿರಕ್ಕೆ ಬರುತ್ತೇನೆಂದು ಹೇಳಿ ಹೋದದ್ದನ್ನು ಬರೆಸಿದಳು. ಊರಿಲ್ಲ, ಮನೆಯಿಲ್ಲ ಎಂಬ ಸಾಲು ಬಂತು. ಅವಳು ಒರಸುವ ಮೊದಲು ನಕ್ಕೇಬಿಟ್ಟಳು.

"ನಿಮ್ಮ ಥರ ಒಂದೇ ಕಡೆ ಊರು ಇಲ್ಲ ಅಂದೆ ಬುದ್ಧಿ ನಾನು. ಇರೋ ಜಾಗ ಗೊತ್ತಿಲ್ಲ ಅಂದ್ನಾ? ಬರ್ಕೊಳ್ಳಿ. ಸ್ವಾತಿಗೆ ಈ ಹೊಳೆ ದಾಟ್ತೀವಿ. ಸಂಕ್ರಾಂತಿಗೆ ಬಿಳಿಕಲ್ಲು ಬಯಲು. ಶಿವರಾತ್ರಿಗೆ ಹುಣಸೆಕಟ್ಟೆ ಬೀಳು. ಯುಗಾದಿಗೆ ಗದ್ದೆ ಸೀಮೆ, ಅಲ್ಲಿ ರೈತರು ನಮ್ಮ ಮಂದೇನ ಗೊಬ್ಬರಕ್ಕೆ ಅಂತ ಗದ್ದೇಲಿ ನಿಲ್ಲಿಸ್ಕೋತಾರೆ. ಮೃಗಶಿರಕ್ಕೆ ಮತ್ತೆ ಇದೇ ಹೊಳೆ. ನಮ್ಮತ್ತೆ ಕಾಲದಿಂದ ಹೀಗೇ. ಈಗ ಬೇಕಾದ್ರೆ ಆಚೆ ದಡದಲ್ಲಿ ನೋಡಿ, ನನ್ನ ಗಂಡ ಕುರಿ ತರುಬಿಕೊಂಡು ಕೂತವ್ನೆ."

ಕಿರಿಯ ಆಚೆ ದಡ ನೋಡಿದ. ಕುರಿಗಳಿದ್ದವು. ನಿನ್ನೆಯಿಂದ ಅಲ್ಲೇ ಇದ್ದವು, ಅವನು ತಲೆ ಎತ್ತಿರಲಿಲ್ಲ ಅಷ್ಟೆ. ಬರೆದ.

ಕೊನೆಯ ಸಾಲು, ಕೇಳಿದರೆ ಉತ್ತರ ಕೊಡದ ಮೊಂಡಿ. ಅದನ್ನು ಓದಲು ಅವನಿಗೆ ನಾಲಿಗೆ ಏಳಲಿಲ್ಲ. ಹೇಗೋ ಓದಿದ. ಆಮೇಲೆ, "ನಾನು ಅಷ್ಟು ಕೇಳಿದಾಗ ಯಾಕೆ ಸುಮ್ಮನಿದ್ದೆ ತಾಯಿ?" ಎಂದ.

"ನೀವು ಕೇಳಿದ್ದೆಲ್ಲ ನನಗೆ ಕೇಳಿಸಿದ್ರಲ್ವಾ? ಆವಾಗ ಹೊನ್ನಿ ಅಂಗಳದಾಗೆ ನಡೀತಿದ್ಲು. ಎತ್ಕೊಂಡು ಬಂದ ಕೂಸು, ಎರಡು ಕಾಲ ಮೇಲೆ ನೆಟ್ಟಗೆ ನಡೀತಿತ್ತು. ನಾನು ಆ ಕಾಲನ್ನೇ ನೋಡ್ತಾ ನಿಂತ್ಕೊಂಡಿದ್ದೆ."

ಕಿರಿಯ ಕರಣಿಕ ತಲೆ ತಗ್ಗಿಸಿದ. ಹೆಂಗಸು ಅರ್ಧ ಸಾಲು ಒರಸಿ ಬಟ್ಟೆ ಕೆಳಗಿಟ್ಟಳು. "ಮೊಂಡಿ ಅನ್ನೋದು ಇರ್ಲಿ ಬಿಡಿ. ಮೊಂಡೀನೇ ನಾನು. ನಮ್ಮತ್ತೇನೂ ಅದನ್ನೇ ಅಂತಾಳೆ."

ಹಿರಿಯ ಗಹಗಹಿಸಿ ನಕ್ಕ. ಕಿರಿಯನಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎದ್ದು ಹೋಗುತ್ತಿದ್ದವಳು ತಿರುಗಿ ಬಂದಳು. "ಇನ್ನೊಂದು ಉಳೀತು ಬುದ್ಧಿ. ಕಾಲು ಮುರಿದದ್ದು ಹೇಗೆ ಅಂತ ನೀವು ಕೇಳ್ಲೇ ಇಲ್ಲ. ಟಗರು ತಪ್ಪಿಸ್ಕೊಂಡು ಬಂಡೆ ಹತ್ತಿತ್ತು. ಹೋಗಿ ಹೊಡ್ಕೊಂಡು ಬಾ ಅಂತ ನಾನೇ ಕಳಿಸ್ದೆ. ಐದು ವರ್ಷದ ಕೂಸನ್ನ ಕಳಿಸಬಾರ್ದಿತ್ತು. ಅದೂ ಬರೀರಿ."

ಕಿರಿಯ ಗಾಬರಿಯಾದ. ಅಲ್ಲಿಯವರೆಗೆ ಅವಳ ವಿರುದ್ಧ ಬರೆದವನು ಈಗ ಅವಳ ಪರವಾಗಿಬಿಟ್ಟಿದ್ದ. "ಅಯ್ಯನವರೇ, ಇದನ್ನು ಬರೆದರೆ ಪಾರುಪತ್ಯಗಾರರು ಮಗುವನ್ನು ಕೊಡುವುದಿಲ್ಲ. ಇದೊಂದು ಬೇಡ. ಕೇಳಿಸಿಕೊಂಡಿಲ್ಲ ಅಂದುಕೊಳ್ಳೋಣ" ಎಂದು ಹಿರಿಯನ ಕಿವಿಯಲ್ಲಿ ಹೇಳಿದ.

ಹಿರಿಯ ಹೆಂಗಸಿನ ಕಡೆ ತಿರುಗಿದ. "ತಾಯಿ, ಇದನ್ನು ಓದಿದರೆ ಮಗು ನಿನಗೆ ಸಿಗದೆ ಹೋಗಬಹುದು. ತಿಳಿದು ಹೇಳುತ್ತಿದ್ದೀಯಾ?"

ಅವಳು ಅಂಗಳದ ಕಡೆ ನೋಡಿದಳು. ಮಗು ಅಲ್ಲಿ ಕಲ್ಲು ಪೇರಿಸಿ ಆಡುತ್ತಿತ್ತು. ಕೊನೆಗೆ, "ಬರೀರಿ" ಎಂದಳು.

"ಬರೆ" ಎಂದ ಹಿರಿಯ. "ಅವಳಿಗೆ ಹೊಂದುವುದನ್ನು ಬರೆದು ಹೊಂದದ್ದನ್ನು ಬಿಟ್ಟರೆ, ಅದೂ ನಿನ್ನ ಕತೆಯೇ ಆಗುತ್ತದೆ."

ಕಿರಿಯ ಬರೆದ. ಆ ರಾತ್ರಿ ಅವನು ಊಟ ಸೇರದೆ ಮಲಗಿದ.

ಮರುದಿನ ಪಾರುಪತ್ಯಗಾರ ಬಂದ. ವ್ಯಾಪಾರಿ ಮತ್ತು ಅವನ ಹೆಂಡತಿ ಮುಂದೆಯೇ ಕೂತಿದ್ದರು. ಹೆಂಡತಿಯ ಮಡಿಲಲ್ಲಿ ಮಗುವಿಗೆಂದು ಹೊಲಿಸಿದ ಹೊಸ ಲಂಗವಿತ್ತು. ಕುರಿಗಾಹಿ ಹೆಂಗಸು ಕಂಬಕ್ಕೆ ಒರಗಿ ನಿಂತಿದ್ದಳು. ಕಿರಿಯ ಕರಣಿಕ ಕಡತ ಬಿಚ್ಚಿದ. ಬಳಪದ ಪುಡಿ ಹರಡಿತ್ತು, ಒರಸಿ ಬರೆದು ಎರಡು ಮಡಿಕೆ ತುಂಬಿದ ಬರಹ.

ಪಾರುಪತ್ಯಗಾರನ ಹುಬ್ಬು ಗಂಟಿಕ್ಕಿತು. "ಏನಯ್ಯಾ ಇದು? ನಿನ್ನ ಕಡತವೇ ಇದು? ಒರಸಿ ಒರಸಿ ಕೊಳೆ ಮಾಡಿದ್ದೀಯಲ್ಲ."

"ಒರಸಿದವಳು ಈಕೆ, ಸ್ವಾಮಿ. ಒರಸಬೇಕಾದ್ದನ್ನು ಬರೆದವನು ನಾನು."

ಹೀಗೆಂದು ಅವನು ಓದತೊಡಗಿದ. ಮೊದಲ ಸಾಲು, ನನ್ನ ಮಗಳು ಹೊನ್ನವ್ವನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ. ವ್ಯಾಪಾರಿಯ ಹೆಂಡತಿ ಬೆಚ್ಚಿ ತಿರುಗಿ, ಕಂಬದ ಬಳಿ ನಿಂತವಳನ್ನು ನೋಡಿದಳು. ಈ ಮಗುವಿಗೆ ತಾಯಿ ಬಂದಿದ್ದಾಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲು ಕೂಡಲೆಂದು ಇಟ್ಟು ಹೋದದ್ದು, ಮಳೆಯ ಹೆಸರು ಹೇಳಿ ಹೋದದ್ದು, ಹಬ್ಬಕ್ಕೊಂದು ಬೀಡು, ಎಲ್ಲವನ್ನೂ ಅವನು ಓದಿದ. ಟಗರಿನ ಮಾತು ಬಂತು. ಅದನ್ನೂ ನುಂಗದೆ ಓದಿದ.

ಪಾರುಪತ್ಯಗಾರ ಹೆಂಗಸನ್ನು ಮುಂದಕ್ಕೆ ಕರೆದ. ಹುಣ್ಣಿಮೆಯ ದಿನ ಅವನು ಹಾಗೆ ಯಾರನ್ನೂ ಕರೆದವನಲ್ಲ.

"ಈ ಟಗರಿನ ವಿಷಯ ಬರೆಸು ಅಂತ ನಿನಗೆ ಯಾರು ಹೇಳಿದರು?"

"ಯಾರು ಹೇಳ್ಬೇಕು ಬುದ್ಧಿ? ನಡೆದದ್ದು ಹಾಗೇ ಅಲ್ವಾ?"

ಪಾರುಪತ್ಯಗಾರ ಗಲ್ಲ ಸವರಿಕೊಂಡ. "ಇಷ್ಟು ವರ್ಷ ಈ ಜಗಲಿಯ ಮೇಲೆ ಎಷ್ಟೋ ಕೇಳಿದ್ದೇನೆ. ಬಂದವರ ತಪ್ಪನ್ನು ಕರಣಿಕ ಬರೆದದ್ದು ಕೇಳಿದ್ದೇನೆ. ತಮ್ಮ ತಪ್ಪನ್ನು ತಾವೇ ಬರೆಸಿದವರನ್ನು ಕಂಡದ್ದು ಇವತ್ತು. ಇವಳು ಎಲ್ಲಿರುತ್ತಾಳೆ ಅಂತ ನನಗೆ ತಿಂಗಳು ತಿಂಗಳಿಗೂ ಗೊತ್ತು. ಮಗುವನ್ನು ಹೇಗೆ ನೋಡಿಕೊಳ್ಳುತ್ತಾಳೆ ಅನ್ನುವುದೂ ಗೊತ್ತಾಯಿತು. ಮಗು ತಾಯಿಗೆ ಸೇರಲಿ. ಸ್ವಾತಿಗೆ ಹೋಗುವಾಗ, ಮೃಗಶಿರಕ್ಕೆ ಬರುವಾಗ ಇಲ್ಲಿ ತಂದು ತೋರಿಸಿ ಹೋಗು" ಎಂದ.

ವ್ಯಾಪಾರಿ ಏನೋ ಹೇಳಲು ಬಾಯಿ ತೆರೆದ. ಅವನ ಹೆಂಡತಿ ಅವನ ತೋಳು ಹಿಡಿದಳು. ಅವಳ ಕಣ್ಣು ತುಂಬಿತ್ತು. ಎದ್ದು ಹೋಗಿ ಹೊಸ ಲಂಗವನ್ನು ಕುರಿಗಾಹಿಯ ಕೈಯಲ್ಲಿಟ್ಟು, "ಅಳತೆ ನಿನ್ನ ಮಗಳದ್ದೇ ಕಣಮ್ಮ" ಎಂದಳು. ಎಂಥ ಹೆಣ್ಣುಮಗಳು ನೋಡು ಅವಳು.

ಮಗುವನ್ನು ಕರೆತಂದರು. ಅದು ಮೊದಲು ತಾಯಿಯನ್ನು ದೂರದಿಂದ ನೋಡಿತು. ಆಮೇಲೆ ಹತ್ತಿರ ಬಂದು ಕಂಬಳಿಯನ್ನು ಮೂಸಿತು. "ಟಗರು ಎಲ್ಲಿ?" ಎಂದಿತು. ಹೆಂಗಸು ಅದುವರೆಗೆ ತಡೆದದ್ದೆಲ್ಲ ಆಗ ಒಡೆದು ಅತ್ತಳು.

ಹಿರಿಯ ಕರಣಿಕ ಮಾರನೆಯ ದಿನ ದೋಣಿ ಹತ್ತಿ ಹೋದ. ಅವನ ಹೆಸರಿನಲ್ಲಿ ಒಂದು ಕಲ್ಲು ಕೂಡ ಯಾರೂ ನೆಡಲಿಲ್ಲ. ಆದರೆ ಮೂವತ್ತು ವರ್ಷ, ಬಂದವರೆಲ್ಲರಿಗೂ ಅವರವರ ಬಾಳನ್ನು ಅವರ ಕೈಗೇ ಕೊಟ್ಟು, ಸರಿಯಾಗಿದೆಯಾ ಎಂದು ಕೇಳಿದ ಮನುಷ್ಯ ಅವನು. ಎಷ್ಟು ತಾಳ್ಮೆ ಬೇಕು, ಎಷ್ಟು ದೊಡ್ಡ ಮನಸ್ಸು ಬೇಕು! ನನಗಂತೂ ಅವನನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಕಿರಿಯನ ಅಕ್ಷರ ಆಮೇಲೆಯೂ ಅಂದವಾಗಿಯೇ ಇತ್ತಂತೆ. ಕಡತ ಮಾತ್ರ ಎಂದೂ ಚೊಕ್ಕಟವಾಗಿರಲಿಲ್ಲವಂತೆ.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಿನಾಥನ ಮನಸ್ಸಿನಲ್ಲಿ ಕಮ್ಮಾರನ ಅರ್ಧ ಉಂಡ ಎಲೆ ಸುಳಿಯಿತು. ಆದರೆ ಸೋಲೊಪ್ಪಲು ಅವನಿಗೆ ಮನಸ್ಸಾಗಲಿಲ್ಲ.

"ಆ ಕರಣಿಕ ದೊಡ್ಡವನು, ಒಪ್ಪಿದೆ ಗುರುಗಳೇ. ಆದರೆ ನಮ್ಮಲ್ಲಿ ಬರುವವರು ನೂರಾರು ಜನ. ಒಬ್ಬೊಬ್ಬರಿಗೂ ಓದಿ ಹೇಳುತ್ತ ಕೂತರೆ ಕೆಲಸ ಮುಗಿಯುವುದು ಯಾವಾಗ? ನಾನು ಬರೆಯುವುದು ತೀರ್ಮಾನ ಮಾಡುವ ಹಿರಿಯರಿಗಾಗಿ. ಏನು ಬರೆದಿದೆ ಅಂತ ಬಂದವರಿಗೆ ಗೊತ್ತಾಗದಿದ್ದರೆ ನಷ್ಟವೇನು?"

ಗುರುಗಳು ಎದ್ದು ಶಲ್ಯ ಹೊದ್ದುಕೊಂಡು ಹೇಳಿದರು: "ನೀನು ಈ ಮಠದಲ್ಲಿ ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸಲು ನಾಳೆ ಹಿರಿಯರು ಸೇರುತ್ತಾರೆ, ನಿನ್ನ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟಿದ್ದೇನೆ, ಏನು ಬರೆದಿದೆ ಅಂತ ನಿನಗೆ ಗೊತ್ತಾಗದಿದ್ದರೆ ನಷ್ಟವೇನು?"

ಕಲ್ಲಿನಾಥ ತನ್ನ ಪುಸ್ತಕ ಎತ್ತಿಕೊಂಡು ಕಮ್ಮಾರನನ್ನು ಹುಡುಕಿಕೊಂಡು ಹೊರಟ.